ಕೊನೇ ಸೀನಿನ ರಾಣಿ

೩ ಫೆಬ್ರವರಿ ೨೦೨೫, ಸೋಮವಾರ

ಮನೆ ಸೇರಿದ್ದು ಬೆಳಿಗ್ಗೆ ಏಳೂಕಾಲಿಗೆ. ಹಾಲಿನವನೂ ನಾನೂ ಒಟ್ಟಿಗೇ ಗೇಟು ತೆಗೆದೆವು. ಕನಕಪುರದ ಆಚೆ ನಾಟಕ. ನನ್ನದು ರಾಣಿ ಪಾತ್ರ, ಎಂದಿನಂತೆ ಬೆಳಗಾಗುವವರೆಗೆ. ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡೆ. ಎರಡು ಲೋಟ ಕಾಫಿ, ಹನ್ನೊಂದರವರೆಗೆ ನಿದ್ದೆ. ಎದ್ದು ನೋಡಿದರೆ ಬಲಗಾಲಿನ ಮಂಡಿ ಊದಿದೆ.

ಯುದ್ಧಕ್ಕೆ ಹೊರಟ ರಾಜನ ಕಾಲಿಗೆ ಬೀಳುವ ಸೀನು. ಬೀಳುವುದೇನೋ ಚೆನ್ನಾಗಿಯೇ ಬಿದ್ದೆ. ಏಳೋಕೆ ಆಗಲಿಲ್ಲ. ಕೊನೆಗೆ ರಾಜನೇ ಎರಡೂ ಕೈ ಹಿಡಿದು ಎಬ್ಬಿಸಿದ. ಜನ ಅದನ್ನು ಪ್ರೀತಿ ಅಂದುಕೊಂಡು ಚಪ್ಪಾಳೆ ಹೊಡೆದರು!

ಕೊನೇ ಸೀನಿನ ಪದದಲ್ಲಿ ಮೇಲಿನ ಸ್ವರಕ್ಕೆ ಗಂಟಲು ಹೋಗಲಿಲ್ಲ. ದಾಸಪ್ಪ ಮೇಷ್ಟ್ರು ಹಾರ್ಮೋನಿಯಂನಲ್ಲಿ ತಾವೇ ಆ ಸ್ವರ ಗಟ್ಟಿಯಾಗಿ ಹಿಡಿದು ಮುಚ್ಚಿ ಹಾಕಿದರು. ಇಪ್ಪತ್ಮೂರು ವರ್ಷದಿಂದ ನನ್ನನ್ನು ಊರೂರಿಗೆ ಕರೆದುಕೊಂಡು ಹೋಗಿ ಆಡಿಸಿದವರು. ಆಮೇಲೆ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜಾಸ್ತಿ ಚುಚ್ಚಿತು. ಪುಣ್ಯಕ್ಕೆ ಆ ಹೊತ್ತಿಗೆ ಎದುರಿಗೆ ಇದ್ದದ್ದು ಐದಾರು ಅಜ್ಜಿಯರು ಮತ್ತು ಮೈಕ್ ಸೆಟ್ಟಿನವನು. ಉಳಿದವರೆಲ್ಲ ಚಾಪೆಯ ಮೇಲೆ ಗೊರಕೆ. ಯಾವತ್ತೂ ಹೀಗೇ. ರಾಣಿಯ ಒಳ್ಳೇ ಪದ ಇರುವುದೇ ಕೊನೇ ಸೀನಿನಲ್ಲಿ, ಕೇಳುವವರೇ ಇರುವುದಿಲ್ಲ.

ನಲವತ್ತೊಂಬತ್ತು ತುಂಬಿತು. ಕರಪತ್ರದಲ್ಲಿ ಮಾತ್ರ ಇನ್ನೂ "ಕುಮಾರಿ ಜ್ಯೋತಿಲಕ್ಷ್ಮಿ, ಚನ್ನಪಟ್ಟಣ". ಇನ್ನೊಂದು ತಿಂಗಳಿಗೆ ಈ ಕುಮಾರಿ ಅಜ್ಜಿ ಆಗುತ್ತಾಳೆ.

೯ ಫೆಬ್ರವರಿ, ಭಾನುವಾರ

ಮಗಳು ರೇವತಿಯನ್ನು ಬಿಡದಿಯಿಂದ ಹೆರಿಗೆಗೆ ಕರೆತಂದೆವು. ಅಳಿಯ ಮಧುಕುಮಾರ್‌ಗೆ ಕಾರ್ಖಾನೆಯಲ್ಲಿ ಮಧ್ಯಾಹ್ನದ ಶಿಫ್ಟು. ಬಾಗಿಲವರೆಗೆ ಬಿಟ್ಟು, ಕಾಫಿ ಅರ್ಧ ಕುಡಿದು ಓಡಿದ. ಡಾಕ್ಟರು ಕೊಟ್ಟಿರುವುದು ಮಾರ್ಚ್ ಮೂರು.

ನಮ್ಮವರು ಗೊಂಬೆ ಕಾರ್ಖಾನೆಯಿಂದ ಬರುವಾಗ ಜೇಬಿನಲ್ಲಿ ಏನೋ ಮುಚ್ಚಿಟ್ಟುಕೊಂಡು ಬಂದರು. ತೆಗೆಸಿ ನೋಡಿದರೆ ಗಿಲಕಿ. ಹಳದಿ, ಕೆಂಪು. ಅರಗಿನ ಬಣ್ಣದ ಬಿಸಿಯೇ ಆರಿಲ್ಲ. ಹುಟ್ಟುವ ಮುಂಚೆ ಯಾರಾದರೂ ತರುತ್ತಾರಾ ಅಂತ ಬೈದು ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟೆ. ಬಚ್ಚಿಡುವ ಮುಂಚೆ ಒಂದು ಸಲ ಆಡಿಸಿ ನೋಡಿದೆ.

ಸಂಜೆ ರೇವತಿಯ ತಲೆ ಬಾಚುತ್ತಿದ್ದೆ. ಏನು ತಿನ್ನಬೇಕು, ಏನು ಬೇಕು ಅಂತ ಕೇಳಿದ್ದಕ್ಕೆ ಬಾಚಣಿಗೆ ಹಿಡಿದಿದ್ದ ನನ್ನ ಕೈ ಹಿಡಿದುಕೊಂಡಳು.

"ಏನೂ ಬ್ಯಾಡ ಅಮ್ಮ. ದಿನಾ ಬೆಳಿಗ್ಗೆ ನೀರು ಹಾಕೋ ಹೊತ್ಗೆ ನೀನೇ ಇರ್ಬೇಕು. ಮೂರು ತಿಂಗ್ಳು. ಅಷ್ಟೇಯ."

ಇರುತ್ತೇನೆ ಅಂದೆ. ತಲೆ ಮೇಲೆ ಕೈ ಇಟ್ಟೇ ಅಂದೆ.

೧೨ ಫೆಬ್ರವರಿ

ನನ್ನ ಬಾಯಿಗೆ ಬೆಂಕಿ ಹಾಕ.

ಮೇಷ್ಟ್ರು ಫೋನ್ ಮಾಡಿದ್ದರು. ಸೋಲೂರು ಕಡೆ ಒಂದು ಹಳ್ಳಿ, ಮಾರ್ಚ್ ಹದಿನೈದು, ಶನಿವಾರ. ರಾಜನ ವೇಷ ಕಟ್ಟುವವರು ಗಂಗಹನುಮಯ್ಯ, ಹಾಲಿನ ಡೈರಿ ಸೆಕ್ರೆಟರಿ, ಐವತ್ತೊಂಬತ್ತು ವಯಸ್ಸು. ಹತ್ತೊಂಬತ್ತು ವರ್ಷದ ಹಿಂದೆ ಕುದೂರಿನಲ್ಲಿ ನನ್ನ ರಾಣಿ ನೋಡಿದ್ದರಂತೆ. ಜೀವನದಲ್ಲಿ ಒಂದು ಸಲ ರಾಜನಾಗಬೇಕು, ಆದರೆ ರಾಣಿ ಆಯಮ್ಮನೇ ಆಗಬೇಕು ಅಂತ ಹಟ. ಮೂರು ತಿಂಗಳಿಂದ ದಿನಾ ಸಂಜೆ ಡೈರಿ ಬಾಗಿಲು ಹಾಕಿದ ಮೇಲೆ ಪ್ರಾಕ್ಟೀಸು. ಈ ಕಡೆಯ ನಾಟಕದ ಪದ್ಧತಿಯೇ ಹಾಗೆ. ಗಂಡು ವೇಷವೆಲ್ಲ ಊರಿನವರದು, ಹೆಣ್ಣು ವೇಷಕ್ಕೆ ನಾವು ಹೊರಗಿನಿಂದ ಹೋಗುತ್ತೇವೆ. ಅವರು ಮೂರು ತಿಂಗಳು ಕಲಿಯುತ್ತಾರೆ. ನಾವು ಹಿಂದಿನ ದಿನ ಹೋಗಿ ಒಂದೇ ಒಂದು ಪ್ರಾಕ್ಟೀಸಿಗೆ ನಿಲ್ಲುತ್ತೇವೆ.

ನನ್ನನ್ನು ಯಾರೋ ಹತ್ತೊಂಬತ್ತು ವರ್ಷ ನೆನಪಿಟ್ಟುಕೊಂಡಿದ್ದಾರೆ ಅಂದರೆ ಯಾರಿಗೆ ತಾನೇ ಖುಷಿ ಆಗುವುದಿಲ್ಲ... "ಆಗ್ಲಿ ಬನ್ನಿ ಮೇಷ್ಟ್ರೇ" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಲೆಕ್ಕ ಹಾಕಿದೆ. ರಾಣಿ ಅಂದರೆ ಬೆಳಗಿನವರೆಗೆ. ಸೋಲೂರಿಂದ ಮಾಗಡಿ, ರಾಮನಗರ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಎಂಟೂವರೆ. ನೀರು ಹಾಕುವುದು ಆರು ಗಂಟೆಗೆ.

ರೇವತಿಗೆ ಹೇಳಿಲ್ಲ.

೧೩ ಫೆಬ್ರವರಿ

ಇವತ್ತೂ ಹೇಳಿಲ್ಲ. ಸೊಪ್ಪಿನ ಸಾರು ಮಾಡಿದೆ.

೨೪ ಫೆಬ್ರವರಿ, ಸೋಮವಾರ, ರಾಮನಗರ ಆಸ್ಪತ್ರೆ

ವಾರ ಮುಂಚೆಯೇ ಬಂದಳು. ಹೆಣ್ಣು. ಮಧ್ಯಾಹ್ನ ಎರಡೂ ಹತ್ತು. ಎರಡು ಕೇಜಿ ಎಂಟುನೂರು. ನಾರ್ಮಲ್.

ನರ್ಸಮ್ಮ ತಂದು ನನ್ನ ಕೈಗೆ ಕೊಟ್ಟಳು. ಎಷ್ಟು ಊರಿನಲ್ಲಿ ಎಷ್ಟು ಸಲ ಮೈಕ್ ಮುಂದೆ ಅತ್ತಿದ್ದೇನೋ. ಇವತ್ತು ಬಂದದ್ದು ಬೇರೆ ಅಳು, ಅದಕ್ಕೆ ಶ್ರುತಿಯೂ ಇಲ್ಲ, ಏನೂ ಇಲ್ಲ. ನಮ್ಮವರು ಗಿಲಕಿ ತರಲು ಮನೆಗೆ ಓಡಿದರು. ಅಕ್ಕಿ ಡಬ್ಬದಲ್ಲಿದೆ ಅಂತ ಹೇಳುವುದನ್ನು ಮರೆತೆ. ಮನೆಯೆಲ್ಲ ಹುಡುಕಿದ್ದಾರೆ, ಪಾಪ.

೭ ಮಾರ್ಚ್, ಶುಕ್ರವಾರ

ನಿನ್ನೆಗೆ ಹನ್ನೊಂದು ದಿನ, ಪುರುಡು ಕಳೆಯಿತು. ಇಷ್ಟು ದಿನ ಪೆನ್ನು ಹಿಡಿಯಲು ಪುರುಸೊತ್ತಿಲ್ಲ. ಐದಕ್ಕೆ ಏಳು, ಹಂಡೆಗೆ ಉರಿ ಹಾಕು, ರೇವತಿಗೆ ಎಣ್ಣೆ ಒತ್ತು, ನೀರು ಹಾಕು, ಸಾಂಬ್ರಾಣಿ ಹೊಗೆ ಹಾಕು, ಮೆಣಸಿನ ಸಾರು ಬಡಿಸಿ ಮಲಗಿಸು. ಆಮೇಲೆ ಮಗುವಿನದು. ಕಾಲು ನೀಡಿ ಕೂತು ಕಾಲಿನ ಮೇಲೆ ಮಲಗಿಸಿಕೊಂಡರೆ ಸ್ವರ್ಗ. ಕೂರುವುದೇನೋ ಕೂರುತ್ತೇನೆ, ಎಬ್ಬಿಸಲು ನಮ್ಮವರು ಬೇಕು. ಅವರಿಗೆ ಈಗ ರಾಜನ ಪಾತ್ರ ಸಿಕ್ಕಿದೆ ಅಂತ ನಕ್ಕೆ.

ನಗು ಹತ್ತು ಗಂಟೆಗೆ ನಿಂತಿತು. ಸೋಲೂರು ಕಡೆಯವರು ಫ್ಲೆಕ್ಸ್ ಮಾಡಿಸಿ ಅದರ ಫೋಟೊ ವಾಟ್ಸಾಪಿಗೆ ಕಳಿಸಿದ್ದಾರೆ. ಫೋನು ರೇವತಿಯ ಕೈಯಲ್ಲಿತ್ತು. ಹತ್ತಡಿ ಫ್ಲೆಕ್ಸು. ನಡುವೆ ಕಿರೀಟ ಹಾಕಿದ ಗಂಗಹನುಮಯ್ಯ, ಪಕ್ಕದಲ್ಲಿ ನಾನು. ಅಂದರೆ ಇಪ್ಪತ್ತು ವರ್ಷದ ಹಿಂದಿನ ನಾನು, ಸೊಂಟ ಹಿಡಿಯಷ್ಟು. ಮೇಷ್ಟ್ರು ಇನ್ನೂ ಅದೇ ಫೋಟೊ ಕೊಡುತ್ತಾರೆ. "ಕುಮಾರಿ" ಬೇರೆ. ಕೆಳಗೆ ತಾರೀಕು ದಪ್ಪಕ್ಷರದಲ್ಲಿ.

ರೇವತಿ ಕೂಗಾಡಲಿಲ್ಲ. ಅದೇ ಕಷ್ಟ. ಮಗುವಿನ ಬಟ್ಟೆ ಮಡಿಸುತ್ತಾ, ನನ್ನ ಮುಖ ನೋಡದೆ ಅಂದಳು:

"ನಾನು ಹುಟ್ದಾಗ್ಲಿಂದ ನೀನು ಬೆಳಕಾದ್ಮೇಲೇ ಬತ್ತಿದ್ದೆ. ನನ್ ಮಗಳಿಗಾದ್ರೂ ಒಸಿ ಮುಂಚೆ ಬಾ ಅಮ್ಮ."

ಚಿಕ್ಕವಳಿದ್ದಾಗ ಜೊತೆಗೇ ಕರೆದುಕೊಂಡು ಹೋಗುತ್ತಿದ್ದೆ. ವೇಷದ ಟ್ರಂಕಿನ ಮೇಲೆ ದುಪ್ಪಟಿ ಹಾಸಿ ಮಲಗಿಸುತ್ತಿದ್ದೆ. ಸ್ಕೂಲು ಶುರುವಾದ ಮೇಲೆ ಅಪ್ಪನ ಹತ್ತಿರ ಬಿಟ್ಟು ಹೋದೆ. ಅವಳು ದೊಡ್ಡವಳಾದ ದಿನ ಹಾರೋಹಳ್ಳಿ ಹತ್ತಿರ ಸ್ಟೇಜಿನ ಮೇಲಿದ್ದೆ. ಬಂದು ನೋಡಿದರೆ ಪಕ್ಕದ ಮನೆಯವರು ಅವಳನ್ನು ಮೂಲೆಯಲ್ಲಿ ಕೂರಿಸಿ ಚಿಗಳಿ ಕೊಟ್ಟು ಆಗಿತ್ತು. ಅವತ್ತಿನಿಂದ ಅವಳು ಒಂದು ನಾಟಕಕ್ಕೂ ಬಂದಿಲ್ಲ.

ಮಧ್ಯಾಹ್ನ ಊಟ ಸೇರಲಿಲ್ಲ.

೮ ಮಾರ್ಚ್, ಶನಿವಾರ

ನಮ್ಮವರು ಅಂದರು, ಹೋಗದೇ ಇದ್ದುಬಿಡು, ಮಂಡಿ ನೋವು ಅಂದರೆ ಯಾರೂ ಕೇಳುವುದಿಲ್ಲ. ಸುಳ್ಳೂ ಅಲ್ಲ. ಆದರೆ ಫ್ಲೆಕ್ಸ್ ಕಟ್ಟಿಸಿಕೊಂಡು ಕಾಯುತ್ತಿರುವ ಮನುಷ್ಯನಿಗೆ ವಾರ ಮುಂಚೆ ಹಾಗೆ ಹೇಳಲಾರೆ. ಇನ್ನೊಂದು ನಿಜ, ಯಾರೂ ಓದದ ಪುಸ್ತಕದಲ್ಲಿ ಬರೆಯಲು ಏನು ಭಯ: ನನಗೆ ಹೋಗಬೇಕು. ಬಣ್ಣ ಹಚ್ಚಿಕೊಂಡು ಹಾರ್ಮೋನಿಯಂ ಮುಂದೆ ನಿಲ್ಲದಿದ್ದರೆ ನಾನು ಯಾರಿಗೂ ಒಳ್ಳೇ ತಾಯಿ ಆಗಿರುವುದಿಲ್ಲ, ಬರೀ ಸಿಡುಕುತ್ತಿರುತ್ತೇನೆ. ಅದು ರೇವತಿಗೂ ಗೊತ್ತು.

ಬೆಳಿಗ್ಗೆ ಅವಳಿಗೆ ನೀರು ಹಾಕುವಾಗ ಹೊಳೆಯಿತು. ರಾಜಮಾತೆ! ರಾಜನ ತಾಯಿ ಮೂರನೇ ಸೀನಿನಲ್ಲಿ ಮಗನನ್ನು ಹರಸಿ ಒಳಗೆ ಹೋದರೆ ಮತ್ತೆ ಬರುವುದೇ ಇಲ್ಲ. ಹನ್ನೊಂದೂವರೆಗೆ ಬಣ್ಣ ಒರೆಸಿಕೊಳ್ಳಬಹುದು. ಇಷ್ಟು ವರ್ಷ ಆ ಪಾತ್ರವನ್ನು ವಯಸ್ಸಾದವರ ಪಾತ್ರ ಅಂತ ಮುಟ್ಟಿರಲಿಲ್ಲ. ಯಾರೂ ನನಗೆ ಹೇಳಿರಲಿಲ್ಲ, ಅದು ಬೇಗ ಮನೆಗೆ ಹೋಗುವವರ ಪಾತ್ರ ಅಂತ.

ರಾಣಿಗೆ ಸಾನಾ ಇದ್ದಾಳೆ. ರಾಮನಗರದ ರೇಷ್ಮೆ ಬಿಚ್ಚುವವರ ಮನೆ ಹುಡುಗಿ. ಎರಡು ವರ್ಷದಿಂದ ನನ್ನ ಹಿಂದೆ ಸಖಿಯಾಗಿ ನಿಂತು ನಿಂತು ರಾಣಿಯ ಮಾತೆಲ್ಲ ಬಾಯಿಪಾಠ. ಅವಳ ಗಂಟಲಿಗೆ ಮೇಲಿನ ಸ್ವರ ಹೂ ಎತ್ತಿದಷ್ಟು ಸಲೀಸು. ಹೊಟ್ಟೆಕಿಚ್ಚು ಇಲ್ಲ ಅಂತ ಬರೆದರೆ ಸುಳ್ಳು. ಫೋನ್ ಮಾಡಿ ಹೇಳಿದಾಗ ಅತ್ತೇಬಿಟ್ಟಳು. ಹೊಟ್ಟೆಕಿಚ್ಚು ಅರ್ಧ ಇಳಿಯಿತು.

ಮೇಷ್ಟ್ರು: "ನಾನೇ ಯೋಳಣ ಅಂತಿದ್ದೆ ಕಣವ್ವ. ಬಾಯಿ ಬರ್ಲಿಲ್ಲ." ಇಪ್ಪತ್ಮೂರು ವರ್ಷದ ಸ್ನೇಹ ಅಂದರೆ ಇದೇ.

ಗಂಗಹನುಮಯ್ಯನವರಿಗೆ ನಾನೇ ಹೇಳಿದೆ. ಮಗಳ ಬಾಣಂತನ, ಬೆಳಿಗ್ಗೆ ನೀರು ಹಾಕಬೇಕು, ಎಲ್ಲ ಬಿಡಿಸಿ. ನಿಮ್ಮ ಎದುರು ನಿಲ್ಲಬೇಕು ಅಂತಲೇ ವೇಷ ಹಿಡಿದೆ ತಾಯಿ, ಅಂದರು. ನಿಲ್ಲುತ್ತೀರಲ್ಲ, ಮಗನಾಗಿ ನಿಂತುಕೊಳ್ಳಿ ಅಂದೆ. ಅವರು ನಗಲಿಲ್ಲ. ಬಾಣಂತಿ ವಿಷಯ ಅಂದ ಮೇಲೆ ಎದುರು ಮಾತೂ ಆಡಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡ ಮಗ.

ರೇವತಿ ಎಲ್ಲ ಕೇಳಿಸಿಕೊಂಡಳು. "ನೋಡಣ" ಅಂದಳು, ಅಷ್ಟೇ.

೧೪ ಮಾರ್ಚ್, ಶುಕ್ರವಾರ

ಪ್ರಾಕ್ಟೀಸಿಗೆ ಹೋಗಲಿಲ್ಲ. ಮಗುವಿಗೆ ಹೊಟ್ಟೆನೋವು, ದಿನವಿಡೀ ಅಳು. ರಾಜಮಾತೆಯ ಮಾತು ಇಪ್ಪತ್ತು ವರ್ಷ ಪಕ್ಕದಲ್ಲೇ ನಿಂತು ಕೇಳಿದ್ದೇನೆ, ಪುಸ್ತಕ ನೋಡುವ ಅಗತ್ಯವೇ ಇಲ್ಲ ಅಂತ ಮೇಷ್ಟ್ರಿಗೆ ಹೇಳಿದೆ. ಜಂಬ.

೧೬ ಮಾರ್ಚ್, ಭಾನುವಾರ, ಮಧ್ಯಾಹ್ನ

ಬರೆಯಲೇಬೇಕು. ನೆನೆಸಿಕೊಂಡರೆ ಈಗಲೂ ಬೆವರು, ಈಗಲೂ ನಗು.

ಊರಿನ ಸ್ಟೇಜು ಚೆನ್ನಾಗಿ ಹಾಕಿದ್ದರು. ಫ್ಲೆಕ್ಸಿನ ಕೆಳಗೆ ನಡೆದುಕೊಂಡು ಬಂದೆ. ಒಬ್ಬರೂ ಗುರುತು ಹಿಡಿಯಲಿಲ್ಲ. ಒಂದು ಹೆಂಗಸು ನನ್ನನ್ನೇ ಕೇಳಿತು, ಆ ಹುಡುಗಿ ಇನ್ನೂ ಬರಲಿಲ್ಲವಾ ಅಂತ. ಬರುತ್ತಾಳೆ ಅಂದೆ. ಒಳಗೆ ಹೋಗಿ ಸಾನಾಗೆ ಜಡೆ ಕಟ್ಟಿದೆ, ನನ್ನ ರಾಣಿ ಸೊಂಟಪಟ್ಟಿ ಕಟ್ಟಿದೆ. ಅವಳ ಸಣ್ಣ ಸೊಂಟಕ್ಕೆ ಕೊನೆಯ ಕೊಂಡಿಗೆ ಬಂತು. ನಾನು ಬಿಳಿ ಸೀರೆ ಉಟ್ಟು ತಲೆಗೆ ಬಿಳಿ ಬಣ್ಣ ಬಳಿದುಕೊಂಡೆ.

ಮೂರನೇ ಸೀನು. ರಾಜ ಗಂಗಹನುಮಯ್ಯ ಕತ್ತಿ ಹಿಡಿದು ಬಂದರು. ಮುಂದಿನ ಸಾಲಿನಲ್ಲಿ ಅವರ ಮನೆಯವರು, ಮಕ್ಕಳು, ಇಡೀ ಡೈರಿ. "ಯುದ್ಧಭೇರಿ ಮೊಳಗಿತು. ಅಪ್ಪಣೆ ಕೊಡು, ನಾನಿನ್ನು ಬರುತ್ತೇನೆ" ಅಂದರು. ಇದೇ ಮಾತನ್ನು ರಾಜ ಐದನೇ ಸೀನಿನಲ್ಲಿ ರಾಣಿಗೂ ಹೇಳುತ್ತಾನೆ. ಇಪ್ಪತ್ಮೂರು ವರ್ಷ ಆ ಮಾತು ಕಿವಿಗೆ ಬಿದ್ದ ತಕ್ಷಣ ಏನು ಮಾಡಿದ್ದೆನೋ ಅದನ್ನೇ ಮಾಡಿದೆ. ಎರಡು ಹೆಜ್ಜೆ ಮುಂದೆ ಹೋದೆ, ಅವರ ಎರಡೂ ಕೈ ಹಿಡಿದೆ, ಕತ್ತು ಕೊಂಚ ವಾಲಿಸಿ ಮೈಕಿಗೆ ಸರಿಯಾಗಿ ಅಂದೆ:

"ಪ್ರಾಣಕಾಂತಾ, ನಿಮ್ಮನ್ನು ಅಗಲಿ ಈ ಜೀವ ಒಂದು ಕ್ಷಣವೂ ಇರಲಾರದು..."

ಬಿಳಿ ತಲೆಯ ತಾಯಿ, ಮಗನಿಗೆ!

ಮೇಷ್ಟ್ರ ಬೆರಳು ಹಾರ್ಮೋನಿಯಂನ ಒಂದೇ ಮನೆಯ ಮೇಲೆ ನಿಂತುಬಿಟ್ಟಿತು, ಒಂದೇ ಸ್ವರ ಕುಂಯ್ ಅಂತ. ರಾಜನ ಬಾಯಿ ತೆರೆದದ್ದು ತೆರೆದೇ ಇತ್ತು. ಪರದೆಯ ಸಂದಿಯಲ್ಲಿ ಸಾನಾ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಸತ್ತೆ ಅಂದುಕೊಂಡೆ. ಆಮೇಲೆ ಎಲ್ಲಿಂದ ಬಂತೋ, ಹಿಡಿದ ಕೈ ಬಿಡದೆ ಗಂಟಲು ದಪ್ಪ ಮಾಡಿ ಮುಂದುವರಿಸಿದೆ:

"...ಎಂದು ನಿನ್ನ ರಾಣಿ ಬೆಳಗಿನಿಂದ ಕಣ್ಣೀರಿಡುತ್ತಿದ್ದಾಳೆ ಕಂದಾ. ತಾಯಿಯ ಅಪ್ಪಣೆ ಆಮೇಲೆ. ಮೊದಲು ಅವಳನ್ನು ಕಂಡು ಹೋಗು."

ಶಿಳ್ಳೆ ಅಂದರೆ ಶಿಳ್ಳೆ. ಗಂಗಹನುಮಯ್ಯನವರ ಮನೆಯವರೇ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೇಷ್ಟ್ರು ತಡಬಡಾಯಿಸಿ ಹರಸುವ ಪದ ಎತ್ತಿಕೊಂಡರು, ನನಗಾಗಿ ಶ್ರುತಿ ಒಂದು ಮನೆ ಇಳಿಸಿ. ಆಹಾ. ಇಷ್ಟು ವರ್ಷ ಏಣಿ ಹತ್ತುತ್ತಿದ್ದೆ, ನಿನ್ನೆ ನೆಲದ ಮೇಲೆ ನಡೆದೆ. ಗಂಟಲಿನ ಎಲ್ಲ ಮೂಲೆಯೂ ನನ್ನದೇ ಅನ್ನಿಸಿತು. ಹಾಡಿ ಮುಗಿಸಿದಾಗ ರಾಜ ನಿಜವಾಗಿಯೂ ಅಳುತ್ತಿದ್ದರು, ಅಂಟಿಸಿದ ಮೀಸೆ ಒಂದು ಕಡೆ ಬಿಟ್ಟುಕೊಂಡಿತ್ತು.

ಹನ್ನೊಂದೂ ನಲವತ್ತಕ್ಕೆ ಬಣ್ಣ ಒರೆಸಿಕೊಂಡೆ. ಒಂದು ಸೀನಿನ ಬಿಡುವಿನಲ್ಲಿ ಗಂಗಹನುಮಯ್ಯನವರು ಕಿರೀಟ ಕಂಕುಳಲ್ಲಿ ಇಟ್ಟುಕೊಂಡು ನಾನು ಬಾಡಿಗೆಗೆ ಮಾಡಿಕೊಂಡಿದ್ದ ಕಾರಿನವರೆಗೂ ಬಂದರು. ಕ್ಷಮೆ ಕೇಳೋಣ ಅಂತ ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು.

"ಆ ಒಂದು ಮಾತು ನಿಮ್ ಬಾಯಲ್ಲಿ ಕೇಳಕ್ಕೆ ಹತ್ತೊಂಬತ್ತು ವರ್ಸ ಕಾದಿದ್ದೆ ಕಣವ್ವ. ಸಾಕು. ಹೋಗಿ ಮೊಮ್ಮಗೀನ ನೋಡ್ಕೊಳಿ."

ಬೇಕಂತಲೇ ಹೇಳಿದೆ ಅಂದುಕೊಂಡಿದ್ದಾರೆ. ತಿದ್ದಲಿಲ್ಲ.

ಮನೆ ಬಾಗಿಲು ತಟ್ಟಿದಾಗ ಇನ್ನೂ ಕತ್ತಲೆ. ತೆಗೆದವಳು ರೇವತಿ, ಮಗು ಹೆಗಲ ಮೇಲೆ. ಗಡಿಯಾರ ನೋಡಿದಳು, ನನ್ನ ಮುಖ ನೋಡಿದಳು. ಕಿವಿಯ ಹತ್ತಿರ ಕೂದಲಿಗೆ ಬಿಳಿ ಬಣ್ಣ ಉಳಿದಿದೆ ಅಂತ ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಮತ್ತೆ ಒರೆಸಿದಳು. ಅದು ಬಣ್ಣ ಅಲ್ಲ ಕಣೆ, ನನ್ನದೇ ಅಂದೆ. ಆಗ ನಕ್ಕಳು. ಪ್ರಾಣಕಾಂತನ ಕಥೆ ಹೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಬಾಣಂತಿ ಹೀಗೆ ನಗಬಾರದು ಅಂತ ನಾನೇ ಬಾಯಿ ಮುಚ್ಚಿಸಿದೆ.

ಆರಕ್ಕೆ ನೀರು ಹಾಕಿದೆ. ಕಣ್ಣು ಉರಿಯುತ್ತಿತ್ತು. ಇಷ್ಟು ಸುಖ ಯಾವ ಬೆಳಿಗ್ಗೆಯೂ ಆಗಿರಲಿಲ್ಲ.

೨ ಏಪ್ರಿಲ್

ಮಗುವಿಗೆ ಒಂದು ಚಟ ಅಂಟಿದೆ. ರಾಣಿಯ ಕೊನೇ ಸೀನಿನ ಪದ ಕೆಳಗಿನ ಶ್ರುತಿಯಲ್ಲಿ ಗುನುಗಿದರೆ ಮಾತ್ರ ನಿದ್ದೆ. ಎರಡನೇ ಸಾಲಿಗೇ ಕಣ್ಣು ಮುಚ್ಚುತ್ತದೆ. ರೇವತಿ ಹೇಳಿದಳು, ನನಗೂ ಹಾಗೇ ಆಗುತ್ತಿತ್ತು, ಟ್ರಂಕಿನ ಮೇಲೆ ಮಲಗಿದ್ದಾಗ. ಅದು ಅವಳಿಗೆ ಸಿಟ್ಟಿನ ನೆನಪು ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ.

ಮೇಷ್ಟ್ರ ಫೋನು. ಕನಕಪುರದ ಹತ್ತಿರ ಇನ್ನೊಂದು ನಾಟಕ. ಸೋಲೂರಿನ ಸುದ್ದಿ ಅಲ್ಲಿಗೂ ಹೋಗಿ, ರಾಜಮಾತೆ ಬಾಯಲ್ಲಿ ಅದೇ ಮಾತು ಬೇಕೇ ಬೇಕು ಅಂತಿದ್ದಾರಂತೆ. ಕರ್ಮ! ಇನ್ನು ಅದು ನಾಟಕದ ಪುಸ್ತಕಕ್ಕೇ ಸೇರಿಕೊಂಡ ಹಾಗೆ. ಒಪ್ಪಿದೆ. ಸಾನಾ ರಾಣಿ. ಕರಪತ್ರಕ್ಕೆ ಹೆಸರು ಹೇಗೆ ಹಾಕಿಸಲಿ ಅಂದರು. "ಶ್ರೀಮತಿ" ಅಂದೆ. ಫೋಟೊ ಹೊಸದು ಕಳಿಸಿದೆ, ರೇವತಿ ತೆಗೆದದ್ದು. ಮಗು ತೊಡೆ ಮೇಲಿದೆ, ಕತ್ತರಿಸಿ ಹಾಕಿಸಲಾ ಅಂತ ಕೇಳಿದರು. ಬೇಡ, ಇರಲಿ.

೨೪ ಮೇ, ಶನಿವಾರ, ಸಂಜೆ ಆರೂವರೆ

ಮೂರು ತಿಂಗಳು ತುಂಬಿತು. ನಾಳೆ ಮಧುಕುಮಾರ್ ಕಾರು ತರುತ್ತಾನೆ. ಬೆಳಿಗ್ಗೆ ಕೊನೆಯ ನೀರು. ನಡುವೆ ನಾಲ್ಕು ಊರಿಗೆ ಹೋಗಿ ಬಂದೆ, ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ. ಮಂಡಿ ಬಗ್ಗುವುದಿಲ್ಲ, ಗಂಟಲು ಹಗುರ. ಸಾನಾಳನ್ನು ಕರಪತ್ರದಲ್ಲಿ ನನಗಿಂತ ಮೇಲೆ ಹಾಕಿದ್ದರು ಒಂದು ಕಡೆ. ಎರಡು ದಿನ ಮುಖ ಊದಿಸಿಕೊಂಡಿದ್ದೆ. ಕಳೆಯಿತು.

ಬಟ್ಟೆ ಚೀಲ ಕಟ್ಟುತ್ತಿದ್ದ ರೇವತಿ ಇದ್ದಕ್ಕಿದ್ದ ಹಾಗೆ ಕೇಳಿದಳು.

"ಅಮ್ಮ, ಕೊನೇ ಸೀನಲ್ಲಿ ರಾಣಿ ಏನಾಯ್ತಾಳೆ?"

ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ. ಚಿಕ್ಕವಳಿದ್ದಾಗ ಅಷ್ಟು ನಾಟಕಕ್ಕೆ ಬಂದಿದ್ದರೂ ಒಂದು ಸಲವೂ ನೋಡಿಲ್ಲವಂತೆ. ಪದ ಶುರುವಾದರೆ ನಿದ್ದೆ ಬಂದುಬಿಡುತ್ತಿತ್ತು. ಎದ್ದರೆ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ, ಬೆಳಕಾಗಿರುತ್ತಿತ್ತು. ದಿನವೂ ಮಗುವಿಗೆ ಹಾಡುತ್ತೇನೆ, ಮಗು ಮಲಗಿದರೆ ನಿಲ್ಲಿಸುತ್ತೇನೆ, ಇವಳಿಗೆ ಎರಡು ಸಾಲಿನ ಮುಂದೆ ಗೊತ್ತಿಲ್ಲ.

ಹೇಳಲು ಹೊರಟೆ. ಬೇಡ, ಹೇಳಬೇಡ, ಆಡಿ ತೋರಿಸು ಅಂದಳು. ಪೂರ್ತಿ. ಈಗಲೇ.

ಹಾಗಾಗಿ ನಡುಮನೆಯಲ್ಲಿ ಮಂಚ ಸರಿಸಿದ್ದಾಗಿದೆ. ನಮ್ಮವರು ತಲೆಗೆ ಟವೆಲ್ ಸುತ್ತಿ ರಾಜ. ಒಂದು ಮಾತೂ ಬರುವುದಿಲ್ಲ, ಸುಮ್ಮನೆ ನಿಂತಿದ್ದರೆ ಸಾಕು ಅಂದಿದ್ದೇನೆ. ಮೇಷ್ಟ್ರು ಫೋನಿನ ಸ್ಪೀಕರಿನಲ್ಲಿ, ಹಾರ್ಮೋನಿಯಂ ತೆಗೆದಿಟ್ಟುಕೊಂಡು ಕಾಯುತ್ತಿದ್ದಾರೆ. ಕೊನೇ ಸೀನಿಗೆ ಬೇಕಾದ ಆರತಿ ತಟ್ಟೆ ಸಿಕ್ಕಿತು, ಬತ್ತಿ ಹೊಸೆದೆ. ಸಾನಾಗೆ ಕೊಟ್ಟ ಸೊಂಟಪಟ್ಟಿ ಈಗ ಇದ್ದರೂ ನನಗೆ ಆಗುತ್ತಿರಲಿಲ್ಲ. ಎರಡು ನಿಮಿಷ ಅಂತ ಹೇಳಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಎರಡು ಸಾವಿರ ಜನ ಕಾಯುತ್ತಿದ್ದಾಗಲೂ ಹೀಗೆ ಪೆನ್ನು ಹಿಡಿದು ಒಳಗೆ ಬಚ್ಚಿಟ್ಟುಕೊಂಡಿರಲಿಲ್ಲ.

ಬಾಗಿಲ ಸಂದಿಯಿಂದ ಇಣುಕಿದೆ. ರೇವತಿ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದಾಳೆ, ಮಗು ಅವಳ ಕಾಲಿನ ಮೇಲೆ, ಕೈಯಲ್ಲಿ ಗಿಲಕಿ. ಇಬ್ಬರೂ ಎಚ್ಚರ. ಇಬ್ಬರ ಕಣ್ಣೂ ಈ ಬಾಗಿಲ ಕಡೆಗೇ.

ಮೇಷ್ಟ್ರು ಶ್ರುತಿ ಹಿಡಿದರು. ಬಂದೆ, ಸೆರಗು ಒಂದು ಸಿಕ್ಕಿಸಿಕೊಂಡು—